ಹೋಗುವ ತಂತಿ, ಬರುವ ತಂತಿ

ಬೆಳಿಗ್ಗೆ ಏಳೂವರೆಗೆ ಮೆಟ್ಟಿಲ ಕೆಳಗಿನಿಂದ ‘ಟಿಂಗ್’ ಎಂಬ ಸದ್ದು ಬರುತ್ತದೆ. ಅದರ ಹಿಂದೆ ಏನೂ ಬರುವುದಿಲ್ಲ. ಮೂರು ಮಹಡಿಯ ಆ ಕಟ್ಟಡದಲ್ಲಿ ಹಲ್ಲುಜ್ಜುತ್ತಿರುವವರು, ಅಂಗಿಯ ಗುಂಡಿ ಹಾಕಿಕೊಳ್ಳುತ್ತಿರುವವರು, ಮಗುವಿನ ಕಾಲಿಗೆ ಸಾಕ್ಸ್ ಏರಿಸುತ್ತಿರುವವರು ಒಂದು ಗಳಿಗೆ ಕೈ ನಿಲ್ಲಿಸುತ್ತಾರೆ. ‘ಟಾಂಗ್’ ಬಾಕಿ ಇದೆಯಲ್ಲ. ಹತ್ತು ನಿಮಿಷದ ಮೇಲೆ ಮತ್ತೆ ‘ಟಿಂಗ್’, ಈ ಸಲ ಅದರ ಬೆನ್ನಿಗೇ ಸ್ವಲ್ಪ ಸೋತಂಥ ‘ಟಾಂಗ್’. ಆಗ ಎಲ್ಲರ ಬೆಳಗೂ ಮುಂದಕ್ಕೆ ಸಾಗುತ್ತದೆ.

ಗಂಟೆ ಅತ್ತೆ ಕೆಲಸ ಶುರು ಮಾಡಿದ್ದಾರೆ ಎಂದು ಅರ್ಥ.

ಹಿಂದಿನ ದಿನ ಜನ ಕೊಟ್ಟುಹೋದ ಕಾಲಿಂಗ್ ಬೆಲ್ಲುಗಳನ್ನು ಅವರು ಒಂದೊಂದಾಗಿ ಒತ್ತಿ ಕೇಳುತ್ತಾರೆ. ಬಿಚ್ಚುವ ಮೊದಲು ಕೇಳಬೇಕು ಎನ್ನುವುದು ಅವರ ಪದ್ಧತಿ. “ಟಿಂಗ್ ಅನ್ನೋದು ಒತ್ತಿದ್ದಕ್ಕೆ, ಟಾಂಗ್ ಅನ್ನೋದು ಬಿಟ್ಟಿದ್ದಕ್ಕೆ. ಟಾಂಗ್ ಬರ್ಲಿಲ್ಲ ಅಂದ್ರೆ ಒಳಗಿನ ಸರಳು ಹೋದದ್ದು ವಾಪಸ್ ಬಂದಿಲ್ಲ ಅಂತ. ಇಲ್ಲಾ ಸ್ಪ್ರಿಂಗ್ ಸತ್ತಿರತ್ತೆ, ಇಲ್ಲಾ ಧೂಳು,” ಎಂದು ಬೆಲ್ಲಿನ ಕಡೆಗೇ ನೋಡುತ್ತಾ ಹೇಳುತ್ತಾರೆ. ಕೇಳುವವರು ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಓರೆ ಜಾಗ. ಎತ್ತರವಿರುವ ಕಡೆ ತಮ್ಮನ ಹೊಲಿಗೆ ಯಂತ್ರ, ತಗ್ಗಿನ ಕಡೆ ಅತ್ತೆಯ ಮೇಜು. ಎದ್ದರೆ ತಲೆ ತಾಗುವಲ್ಲಿ ತಮ್ಮನೇ ಹಳೆಯ ಕೋಟಿನ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಮೊಳೆ ಹೊಡೆದಿದ್ದಾನೆ. ಇಬ್ಬರೂ ಬೆನ್ನಿಗೆ ಬೆನ್ನು ಹಾಕಿ ಕೂರುತ್ತಾರೆ. ಅವನು ಬಾಯಿ ಮುಚ್ಚುವುದಿಲ್ಲ, ಇವರು ಬಾಯಿ ಬಿಡುವುದಿಲ್ಲ. ತಮ್ಮನ ಮಗಳು ‘ಅತ್ತೆ’ ಎನ್ನುತ್ತಿದ್ದುದನ್ನು ಕೇಳಿ ಕೇಳಿ ಕಟ್ಟಡವೆಲ್ಲ ಅತ್ತೆ ಎನ್ನತೊಡಗಿತು. ಗಂಟೆ ಎನ್ನುವುದನ್ನು ಯಾರು ಸೇರಿಸಿದರೋ ತಿಳಿಯದು.

ಇದಕ್ಕೆ ಮೊದಲು ಅವರು ಹದಿನಾರು ವರ್ಷ ಕಾಲಿಂಗ್ ಬೆಲ್ ತಯಾರಿಸುವ ಕಾರ್ಖಾನೆಯಲ್ಲಿದ್ದರು. ಉದ್ದನೆಯ ಮೇಜು, ಎರಡೂ ಬದಿಗೆ ಹೆಂಗಸರು, ನಡುವೆ ನಿಧಾನವಾಗಿ ಸರಿಯುವ ಪಟ್ಟಿಯ ಮೇಲೆ ಬೆಲ್ಲುಗಳು. ಅತ್ತೆಯ ಕೆಲಸ ಕೆಂಪು ತಂತಿಯನ್ನು ಸ್ಕ್ರೂ ಅಡಿಗೆ ಸಿಕ್ಕಿಸಿ ಬಿಗಿಯುವುದು. ಅದೊಂದೇ. ಕಪ್ಪು ತಂತಿ ಪಕ್ಕದ ಕುರ್ಚಿಯವಳದ್ದು. ಅಲ್ಲಿ ಕೆಂಪನ್ನು ‘ಹೋಗೋದು’ ಎನ್ನುತ್ತಿದ್ದರು, ಕಪ್ಪನ್ನು ‘ಬರೋದು’. ಊಟಕ್ಕೆ ಏಳುವಾಗ ಪಕ್ಕದವಳು, “ನೀನು ಕಳಿಸ್ತಾ ಇರು, ನಾನು ಕರ್ಕೊಂಡು ಬರ್ತಾ ಇರ್ತೀನಿ,” ಎಂದು ನಗುತ್ತಿದ್ದಳು. ಹದಿನಾರು ವರ್ಷದಲ್ಲಿ ಅತ್ತೆ ಒಂದು ದಿನವೂ ಕಪ್ಪು ತಂತಿಗೆ ಕೈ ಹಚ್ಚಲಿಲ್ಲ. ಬಲಗೈ ಹೆಬ್ಬೆರಳು ಸ್ಕ್ರೂ ಡ್ರೈವರ್ ಒತ್ತಿ ಒತ್ತಿ ಚಪ್ಪಟೆಯಾಗಿದೆ. ಕಾರ್ಖಾನೆ ಮುಚ್ಚಿದ ಮೇಲೆ ಬೆಲ್ಲಿನ ಉಳಿದ ಭಾಗಗಳನ್ನು ಅವರು ತಾವೇ ಬಿಚ್ಚಿ ಕಲಿತರು.

ಎರಡು ಬೀದಿ ಆಚೆ ಕಣ್ಣು ಕಾಣದ ಮಕ್ಕಳ ಶಾಲೆಯಿದೆ. ಅಲ್ಲಿನ ಪಡಸಾಲೆಯ ಬೆಲ್ ಒಮ್ಮೆ ಕೂಗತೊಡಗಿದರೆ ನಿಲ್ಲುವುದಿಲ್ಲ ಎಂದು ಕರೆ ಬಂತು. ಅತ್ತೆ ಏಣಿ ಹತ್ತಿ ಮುಚ್ಚಳ ತೆಗೆಯುವಾಗ ಕೆಳಗೆ ಯಾರೋ ಏಣಿಯ ಕಾಲು ಹಿಡಿದಂತಾಯಿತು.

“ಯಾರು ಮೇಲಿರೋದು?” ಹದಿನಾಲ್ಕು ವರ್ಷದ ಹುಡುಗಿ. ಎರಡು ಜಡೆ, ಒಂದು ಬಿಚ್ಚಿಹೋಗಿತ್ತು.

“ಬೆಲ್ ರಿಪೇರಿಯವಳು.”

“ಬೆಲ್ ಎಷ್ಟು ದೊಡ್ಡದಿದೆ?”

“ಯಾಕೆ?”

“ಆರು ವರ್ಷದಿಂದ ಅದು ಏಳು ಅಂದ್ರೆ ಏಳ್ತೀನಿ, ಉಣ್ಣು ಅಂದ್ರೆ ಉಣ್ತೀನಿ. ಒಂದ್ಸಲಾನೂ ಮುಟ್ಟಿಲ್ಲ.”

ಅತ್ತೆ ಮೇನ್ ಸ್ವಿಚ್ ಮೊದಲೇ ತೆಗೆದಿದ್ದರು. ತಂತಿ ಬಿಚ್ಚಿ, ಬೆಲ್ಲನ್ನು ಕೆಳಗಿಳಿಸಿ ಅವಳ ಕೈಗಿಟ್ಟರು. ಹುಡುಗಿಯ ಬೆರಳು ಲೋಹದ ಬಟ್ಟಲನ್ನು ಸುತ್ತಿ, ಪುಟ್ಟ ಸುತ್ತಿಗೆಯನ್ನು ಹುಡುಕಿ, ಅದನ್ನು ಎಳೆದು ಬಿಟ್ಟಿತು. ಸಣ್ಣದಾಗಿ ‘ಠಣ್’ ಎಂದಿತು.

“ಇಷ್ಟೇನಾ?” ಎಂದಳು ಅವಳು, ಮೋಸಹೋದವಳ ಹಾಗೆ. “ಇಷ್ಟುದ್ದದ್ದು ನಮ್ಮನ್ನೆಲ್ಲ ಹೆದರಿಸ್ತಿತ್ತಾ? ಇದನ್ನ ಯಾರು ಅಲ್ಲಾಡಿಸ್ತಾರೆ? ನಿಲ್ಲಿಸೋದು ಯಾರು? ಈಗ ಯಾಕೆ ನಿಲ್ತಿಲ್ಲ?”

ಅವಳನ್ನು ಶಾಲೆಯಲ್ಲಿ ‘ಯಾಕಮ್ಮ’ ಎನ್ನುತ್ತಾರೆ ಎಂದು ಅತ್ತೆಗೆ ಆಮೇಲೆ ತಿಳಿಯಿತು. ಅಂದು ಅವರು ಎಲ್ಲಕ್ಕೂ ಉತ್ತರ ಹೇಳಿದರು. ಅರ್ಧ ಗಂಟೆಯ ಕೆಲಸಕ್ಕೆ ಎರಡೂವರೆ ಗಂಟೆ ಹಿಡಿಯಿತು.

ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಎಲ್ಲರೂ ದೊಡ್ಡ ಮೇಡಂ ಎನ್ನುವ ಅವರು ಅತ್ತೆಯನ್ನು ಒಳಗೆ ಕರೆದು ಕೂರಿಸಿದರು.

“ನೋಡೀಮ್ಮಾ, ನಮ್ಮ ಮಕ್ಕಳಿಗೆ ವಿಜ್ಞಾನದ ಪ್ರಾಕ್ಟಿಕಲ್‌ನಿಂದ ವಿನಾಯಿತಿ ಇದೆ. ಮಾಡದೇ ಇದ್ರೂ ಪಾಸು. ಆದ್ರೆ ಕೈಯಾರೆ ಪ್ರಾಕ್ಟಿಕಲ್ ಮಾಡ್ದೆ ಇದ್ದೋರಿಗೆ ಮುಂದೆ ವಿಜ್ಞಾನ ತಗೊಳ್ಳೋಕೆ ಬಿಡಲ್ಲ. ನಾವೂ ಮಾಡ್ತೀವಿ ಅಂತ ಇವಳು ಅರ್ಜಿ ಹಾಕಿದ್ದಾಳೆ. ತಾನೊಬ್ಬಳೇ ಅಲ್ಲ, ಇನ್ನೂ ನಾಲ್ಕು ಜನರನ್ನ ಎಬ್ಬಿಸಿದ್ದಾಳೆ.”

“ಒಳ್ಳೇದಾಯ್ತಲ್ಲ.”

“ಮುಂದಿನ ತಿಂಗಳು ಪರೀಕ್ಷಾ ಇಲಾಖೆಯಿಂದ ಒಬ್ಬ ಅಧಿಕಾರಿ ಬರ್ತಾರೆ. ಮಕ್ಕಳು ಯಾರ ಸಹಾಯನೂ ಇಲ್ದೆ ಸರ್ಕ್ಯೂಟ್ ಜೋಡಿಸಿ ತೋರಿಸ್ಬೇಕು. ತೋರಿಸಿದ್ರೆ ಉಂಟು, ಇಲ್ಲದಿದ್ರೆ ಅವಳ ವಿಜ್ಞಾನ ಅಲ್ಲಿಗೇ ಮುಗೀತು. ನಮ್ಮ ಮೇಷ್ಟ್ರು ಪಾಠ ಚೆನ್ನಾಗಿ ಓದ್ತಾರೆ. ವೈರ್ ಅಂದ್ರೆ ಮಾರು ದೂರ. ನೀವು ಹೇಳ್ಕೊಡ್ತೀರಾ?”

“ಮೇಡಂ, ನಾನು ಓದಿದ್ದು ಏಳನೇ ಕ್ಲಾಸು.”

“ಅವಳು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದ್ರಲ್ಲ. ನಾವು ಓದಿದೋರು ಯಾರೂ ಹೇಳಿರ್ಲಿಲ್ಲ.”

ಅತ್ತೆ ಸೆರಗಿನ ತುದಿಗೆ ಅಂಟಿದ್ದ ತಂತಿಯ ಚೂರನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿದ್ದ ಪುಟ್ಟ ಚೀಲಕ್ಕೆ ಹಾಕಿಕೊಂಡರು. “ನೋಡೋಣ,” ಎಂದರು. ಅದು ಅವರ ಭಾಷೆಯಲ್ಲಿ ಹೂಂ.

ಮೊದಲ ಪಾಠ ನೆಲಕಚ್ಚಿತು. ಅತ್ತೆ ಎರಡು ಟಾರ್ಚ್ ಸೆಲ್ಲು, ಒಂದು ಪುಟ್ಟ ಬಲ್ಬು ಒಯ್ದಿದ್ದರು. ಗೋಡೆಯ ಪ್ಲಗ್ಗಿಗೆ ಯಾರೂ ಕೈ ಹಚ್ಚಕೂಡದು, ಇದು ಟಾರ್ಚ್ ಸೆಲ್ಲು, ಕಚ್ಚುವುದಿಲ್ಲ ಎಂದು ಹೇಳಿ ತಂತಿ ಜೋಡಿಸಿದರು. “ನೋಡಿ, ಹತ್ತಿತು!” ಎಂದರು.

ಐದು ಮಕ್ಕಳು ಸುಮ್ಮನೆ ಕೂತಿದ್ದರು.

“ಹತ್ತಿತು ಅಂತ ನೀವು ಹೇಳಿದ್ರಿ ಅತ್ತೆ,” ಎಂದಳು ಯಾಕಮ್ಮ ಬಹಳ ಮರ್ಯಾದೆಯಿಂದ. “ನಂಬ್ತೀವಿ.”

ಆ ಮಾತು ಅತ್ತೆಯ ಜೊತೆ ಮನೆಗೆ ಬಂತು. ಬೆಲ್ ರಿಪೇರಿಯಲ್ಲಿ ನಂಬುವುದು ಎಂಬ ಕೆಲಸವೇ ಇಲ್ಲ. ಒತ್ತಿದರೆ ಕೂಗಬೇಕು.

ಮರುದಿನ ಬಲ್ಬಿನ ಜಾಗಕ್ಕೆ ಬಜರ್ ಬಂತು. ನರ್ಸ್ ಕೆಲಸದಲ್ಲಿರುವ ತಮ್ಮನ ಹೆಂಡತಿಯಿಂದ ಅಗಲವಾದ ಬ್ಯಾಂಡೇಜ್ ಪಟ್ಟಿ ಇಸಿದುಕೊಂಡು ಅತ್ತೆ ಮಧ್ಯಾಹ್ನ ಅಂಗಡಿಯಲ್ಲೇ ಕಣ್ಣಿಗೆ ಕಟ್ಟಿಕೊಂಡರು. ಹೊಲಿಗೆ ಯಂತ್ರ ಗಕ್ಕನೆ ನಿಂತಿತು.

“ಅಕ್ಕಾ, ಏನಿದು? ಕಣ್ಣಾಮುಚ್ಚಾಲೆ ಆಡೋ ವಯಸ್ಸಾ?”

“ನೀನು ಹೊಲಿ.”

“ಗಿರಾಕಿ ಬಂದ್ರೆ ಏನು ಹೇಳ್ಲಿ?”

“ಕಣ್ಣು ಮುಚ್ಕೊಂಡೇ ರಿಪೇರಿ ಮಾಡ್ತಾಳೆ ಅಂತ ಹೇಳು. ಹೆಸರು ಬರತ್ತೆ.”

ಹೆಸರು ಬರುವ ಹಾಗೆ ಏನೂ ಆಗಲಿಲ್ಲ. ಮೂರು ತಂತಿ, ಒಂದು ಸ್ವಿಚ್ಚು, ಒಂದು ಬಜರು, ಎರಡು ಸೆಲ್ಲು. ಮೂವತ್ತು ವರ್ಷ ಈ ವಸ್ತುಗಳ ನಡುವೆಯೇ ಬದುಕಿದ ಹೆಂಗಸು ಮೇಜಿನ ಮೇಲೆ ತಡಕಾಡಿದರು. ಕೈಗೆ ತಂತಿ ಸಿಕ್ಕರೆ ಅದು ಕೆಂಪೋ ಕಪ್ಪೋ ತಿಳಿಯಲಿಲ್ಲ. ತಿಳಿಯದೆ ಕೈ ಮುಂದಕ್ಕೆ ಹೋಗಲಿಲ್ಲ. ಅವರ ಕೈಗೆ ಕೆಲಸ ಗೊತ್ತಿದೆ ಎಂದು ಅವರು ತಿಳಿದಿದ್ದರು, ಗೊತ್ತಿದ್ದದ್ದು ಕಣ್ಣಿಗೆ.

ಪಟ್ಟಿ ಬಿಚ್ಚಿ, ಕೆಂಪು ತಂತಿಗಳನ್ನೆಲ್ಲ ಎಳೆದುಕೊಂಡು ಗೇಣಿಗೊಂದು ಗಂಟು ಹಾಕತೊಡಗಿದರು. ಕಪ್ಪು ತಂತಿಯನ್ನು ನುಣ್ಣಗೆ ಹಾಗೇ ಬಿಟ್ಟರು. ಸೆಲ್ಲಿನಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಬಜರಿಗೆ ಗಂಟಿನ ತಂತಿ: ಹೋಗೋದು. ಬಜರಿನಿಂದ ಸೆಲ್ಲಿಗೆ ನುಣುಪು ತಂತಿ: ಬರೋದು. ಮತ್ತೆ ಕಣ್ಣು ಕಟ್ಟಿಕೊಂಡು ಜೋಡಿಸಿದರು. ಬಜರು ಜೇನುಹುಳದ ಹಾಗೆ ಗುಂಯ್‌ಗುಟ್ಟಿತು. ಅತ್ತೆ ಕಣ್ಣು ಕಟ್ಟಿಕೊಂಡೇ ನಕ್ಕರು. ತಮ್ಮ ಅದನ್ನು ನೋಡಿ ಮತ್ತೆ ಪೆಡಲ್ ತುಳಿಯತೊಡಗಿದ.

ಗಂಟಿನ ತಂತಿ ಮಕ್ಕಳಿಗೆ ಎರಡೇ ದಿನದಲ್ಲಿ ಕರಗತವಾಯಿತು. ಶಾಲೆಯ ಆ ಕೋಣೆಯಿಂದ ಗುಂಯ್ ಗುಂಯ್ ಸದ್ದು ಪಡಸಾಲೆಗೆಲ್ಲ ಹರಡಿತು. ಸಂಗೀತ ಕಲಿಯುತ್ತಿದ್ದ ತೆಳ್ಳನೆಯ ಹುಡುಗನೊಬ್ಬನಿದ್ದ. ಅವನು ಎಲ್ಲವನ್ನೂ ಶ್ರುತಿಯಲ್ಲಿ ಅಳೆಯುತ್ತಿದ್ದ. ಒಂದೇ ದಾರಿಯಲ್ಲಿ ಎರಡು ಬಜರು ಕೂರಿಸಿದಾಗ ತಲೆ ಓರೆ ಮಾಡಿ, “ಅತ್ತೆ, ಎರಡೂ ಶ್ರುತಿ ಇಳಿದುಬಿಟ್ವು,” ಎಂದ. ಎರಡಕ್ಕೂ ಬೇರೆ ಬೇರೆ ದಾರಿ ಮಾಡಿಕೊಟ್ಟಾಗ, “ಈಗ ಮೇಲಕ್ಕೆ ಬಂದ್ವು. ಜಗಳ ಬಿಡಿಸಿದ ಹಾಗಾಯ್ತು,” ಎಂದ. ಕಣ್ಣಿದ್ದವರು ಬಲ್ಬು ಮಂಕಾದದ್ದನ್ನು ನೋಡಿ ಕಲಿಯುವುದನ್ನು ಅವನು ಅರ್ಧ ಸ್ವರದಲ್ಲಿ ಹಿಡಿದುಬಿಟ್ಟಿದ್ದ.

ಆದರೆ ಯಾಕಮ್ಮನಿಗೆ ಕೂಗಿದರೆ ಸಾಲದು. “ಒಳಗೆ ಏನು ಹೋಗತ್ತೆ? ನೀರಾ? ಗಾಳಿಯಾ? ಸ್ವಿಚ್ ಒತ್ತಿದ ತಕ್ಷಣ ಕೂಗತ್ತಲ್ಲ, ಅಷ್ಟು ಬೇಗ ಹೇಗೆ ಬಂತು?”

ಅತ್ತೆ ಅದನ್ನು ಅಂಗಡಿಗೆ ಒಯ್ದರು. ಎರಡು ದಿನ ಬೆಲ್ ಬಿಚ್ಚುತ್ತಾ ಅದನ್ನೇ ಯೋಚಿಸಿದರು. ಮೂರನೆಯ ದಿನ ಹಿಂತಿರುಗಿ ಕೂತು ತಮ್ಮನ ಯಂತ್ರವನ್ನು ನೋಡಿದರು. ಕೆಳಗೆ ದೊಡ್ಡ ಚಕ್ರ, ಮೇಲೆ ಸಣ್ಣ ಚಕ್ರ, ಎರಡನ್ನೂ ಬಳಸಿದ ಚರ್ಮದ ಬೆಲ್ಟು. ಕಾಲು ಕೆಳಗೆ ತುಳಿದ ಕ್ಷಣವೇ ಮೇಲೆ ಸೂಜಿ ಕುಣಿಯುತ್ತದೆ.

“ಅಕ್ಕಾ, ಹಾಗೆ ದುರುಗುಟ್ಟಿಕೊಂಡು ನೋಡಿದ್ರೆ ಹೊಲಿಗೆ ಸೊಟ್ಟಗಾಗತ್ತೆ.”

“ನಿನ್ನ ಹೊಲಿಗೆ ಯಾವಾಗ ನೆಟ್ಟಗಿತ್ತು? ತುಳಿ, ನಿಲ್ಲಿಸ್ಬೇಡ.”

ಮರುದಿನ ಬಟ್ಟೆ ಒಣಗಿಸುವ ಹಗ್ಗ ಶಾಲೆಗೆ ಹೋಯಿತು. ಎರಡು ತುದಿ ಸೇರಿಸಿ ಗಂಟು ಹಾಕಿ ದೊಡ್ಡ ಬಳೆಯಂತೆ ಮಾಡಿ, ಐವರನ್ನೂ ಸುತ್ತ ಕೂರಿಸಿ, ಹಗ್ಗ ಎಲ್ಲರ ಸಡಿಲ ಮುಷ್ಟಿಯೊಳಗಿಂದ ಹಾಯುವಂತೆ ಹಿಡಿಸಿದರು. ಈ ಆಟದಲ್ಲಿ ತಾವೇ ಸೆಲ್ಲು ಎಂದರು. ಎಳೆಯತೊಡಗಿದರು. ಹಗ್ಗ ಎಲ್ಲರ ಕೈಯಲ್ಲೂ ಒಮ್ಮೆಗೇ ಸರಿಯಿತು. ಗಂಟು ಒಬ್ಬರಿಂದೊಬ್ಬರಿಗೆ ದಾಟಿಬಂದಾಗಲೆಲ್ಲ ಮಕ್ಕಳು “ಬಂತು! ಬಂತು!” ಎಂದು ಕೂಗಿ ನಕ್ಕರು.

“ಈಗ ಒಬ್ಬರು ಮುಷ್ಟಿ ಬಿಗಿ ಮಾಡಿ.”

ಸಂಗೀತದ ಹುಡುಗ ಬಿಗಿಮಾಡಿದ. ಹಗ್ಗ ಎಲ್ಲರ ಕೈಯಲ್ಲೂ ನಿಧಾನವಾಯಿತು. “ಅಯ್ಯೋ, ಅಂಗೈ ಬಿಸಿಯಾಗ್ತಿದೆ,” ಎಂದ.

“ಬಲ್ಬು ಅಂದ್ರೆ ಅದೇ,” ಎಂದರು ಅತ್ತೆ.

ಯಾಕಮ್ಮ ಹಗ್ಗವನ್ನು ಹಿಡಿದು ನಿಲ್ಲಿಸಿದಳು. “ಅತ್ತೆ, ನೀವು ಎಳೆದ ತಕ್ಷಣ ನನ್ನ ಕೈಲಿ ಹಗ್ಗ ಸರೀತು. ಆದ್ರೆ ನಿಮ್ಮ ಕೈಲಿದ್ದ ಹಗ್ಗ ಇನ್ನೂ ನನ್ನ ಹತ್ರ ಬಂದೇ ಇಲ್ಲ. ಅಂದ್ರೆ ನನ್ನ ಕೈಲಿ ಸರಿದದ್ದು ನನ್ನ ಹತ್ರ ಮೊದ್ಲಿಂದ ಇದ್ದ ಹಗ್ಗ. ಸೆಲ್ಲು ಏನೂ ಕಳಿಸೋದಿಲ್ಲ. ಇರೋದನ್ನ ತಳ್ಳತ್ತೆ ಅಷ್ಟೇ.”

ಅತ್ತೆ ಹಗ್ಗ ಬಿಟ್ಟು ಅವಳ ಮುಖವನ್ನೇ ನೋಡಿದರು. ಮೂವತ್ತು ವರ್ಷದಲ್ಲಿ ತಮಗೆ ಹೊಳೆಯದಿದ್ದದ್ದು. ಆ ದಿನ ಅಂಗಡಿಗೆ ಬಂದು ಬೆಲ್ಲಿನ ತಂತಿಯೊಂದನ್ನು ಸುಮ್ಮನೆ ಕೈಯಲ್ಲಿ ಹಿಡಿದುಕೊಂಡು ಕೂತರು, ಅದು ಖಾಲಿಯಲ್ಲ ಎಂದು ಅವತ್ತೇ ತಿಳಿದವರಂತೆ.

ಅಷ್ಟು ತಿಳಿದರೂ ಗಂಟಿನ ತಂತಿಗಳ ಬಗ್ಗೆ ಮಾತ್ರ ಅವರಿಗೆ ಏನೂ ಅನ್ನಿಸಲಿಲ್ಲ. ಮಕ್ಕಳಿಗೂ.

ಅಧಿಕಾರಿ ಬಂದರು. ಮಟ್ಟಸ ಆಳು, ಒಣ ಮುಖ, ಕಂಕುಳಲ್ಲಿ ಫೈಲು. ಹಿಂದೆ ಒಬ್ಬ ಮೊಹರು ಹಾಕಿದ ಪೆಟ್ಟಿಗೆ ಹೊತ್ತಿದ್ದ.

“ಸಾಮಾನು ನಮ್ಮದು. ಎಲ್ಲ ಶಾಲೆಗೂ ಹೋಗೋ ಪೆಟ್ಟಿಗೆ ಇದೇ,” ಎಂದರು ದೊಡ್ಡ ಮೇಡಂಗೆ. ಆಮೇಲೆ ಅತ್ತೆಯ ಕಡೆ ತಿರುಗಿ, “ಹೇಳಿಕೊಟ್ಟೋರು ನೀವಾ? ಬಾಗಿಲ ಹತ್ರ ನಿಲ್ಲಿ. ಒಂದು ಮಾತಾಡಿದ್ರೂ ಪರೀಕ್ಷೆ ರದ್ದು.”

“ಇಲ್ಲ ಸರ್,” ಎಂದು ಅತ್ತೆ ಬಾಗಿಲಿಗೆ ಒರಗಿ ನಿಂತರು. ಮಾತಾಡದಿರುವುದು ಅವರಿಗೆ ಕಷ್ಟದ ಕೆಲಸವಲ್ಲ. ಹಾಗೆಂದುಕೊಂಡಿದ್ದರು.

ಐದು ಮೇಜು, ಐದು ಸಾಮಾನಿನ ತಟ್ಟೆ, ನಲವತ್ತು ನಿಮಿಷ. ಸ್ವಿಚ್ ಒತ್ತಿದರೆ ಬಜರು ಕೂಗಬೇಕು, ಬಿಟ್ಟರೆ ನಿಲ್ಲಬೇಕು. ಮಕ್ಕಳ ಬೆರಳುಗಳು ತಟ್ಟೆಗಳ ಮೇಲೆ ಓಡಾಡಿದವು. ಸೆಲ್ಲು ಸಿಕ್ಕಿತು, ಸ್ವಿಚ್ಚು ಸಿಕ್ಕಿತು, ಬಜರು ಸಿಕ್ಕಿತು. ಆಮೇಲೆ ಬೆರಳುಗಳು ತಂತಿಗಳ ಮೇಲೆ ಒಂದು ಸಲ ಹೋದವು, ಎರಡು ಸಲ ಹೋದವು, ನಿಂತವು.

ಸಂಗೀತದ ಹುಡುಗ ಕೈ ಎತ್ತಿದ. “ಸರ್, ನನಗೆ ಹೋಗೋ ತಂತಿ ಕೊಟ್ಟಿಲ್ಲ.”

“ಏನು?”

“ಮೂರೂ ಬರೋ ತಂತಿಗಳೇ ಇವೆ.”

“ಸರ್, ನನ್ನ ಹತ್ರಾನೂ ಬರೋದೇ,” ಎಂದಿತು ಪಕ್ಕದ ಮೇಜು.

“ನಂದೂ.”

ಅಧಿಕಾರಿ ತಟ್ಟೆಗೆ ಬಗ್ಗಿ ನೋಡಿದರು. “ಮೂರು ತಂತಿ ಸರಿಯಾಗೇ ಇದೆಯಲ್ಲ. ಎರಡು ಕೆಂಪು, ಒಂದು ಕಪ್ಪು, ಕಾಣ್ತಾ…” ಎಂದವರು ನಾಲಿಗೆ ಕಚ್ಚಿಕೊಂಡರು. ಅವರು ಕೆಮ್ಮಿ, ಫೈಲಿನಲ್ಲಿ ಏನೋ ಬರೆದುಕೊಂಡರು.

ಬಾಗಿಲಿಗೆ ಒರಗಿದ್ದ ಅತ್ತೆ ನೆಟ್ಟಗೆ ನಿಂತರು. ತಪ್ಪು ಯಾವುದೆಂದು ಆ ಕ್ಷಣವೇ ತಿಳಿಯಿತು, ಎಲ್ಲಿಂದ ಬಂತೆಂದೂ ತಿಳಿಯಿತು. ಯಾವ ತಂತಿ ಎಲ್ಲಿಗಾದರೂ ಹಾಕಿ, ಕೂಗುತ್ತದೆ ಎನ್ನಬೇಕಿತ್ತು. ಬರೇ ಅಷ್ಟು ಮಾತು. ದಿನವೂ ಗಿರಾಕಿಗಳ ಮನೆಯಲ್ಲಿ ಸಿಕ್ಕಿದ ಬಣ್ಣದ ತಂತಿಯಲ್ಲಿ ಬೆಲ್ ಜೋಡಿಸಿ ಬರುವ ಹೆಂಗಸು, ಕಾರ್ಖಾನೆಯ ಮೇಜಿನ ‘ಹೋಗೋದು, ಬರೋದು’ವನ್ನು ಹಾಗೇ ಎತ್ತಿ ಮಕ್ಕಳ ಬೆರಳಿಗೆ ಕಟ್ಟಿದ್ದರು. ಅವರು ಸೆರಗನ್ನು ಹಿಡಿ ಮಾಡಿ ಬಾಯಿಗೆ ಒತ್ತಿಕೊಂಡರು. ದೊಡ್ಡ ಮೇಡಂ ಇವರ ಕಡೆ ನೋಡಿ ಕಣ್ಣಲ್ಲೇ ಏನಾಯಿತೆಂದು ಕೇಳಿದರು. ಅತ್ತೆ ತಲೆಯನ್ನೂ ಆಡಿಸಲಿಲ್ಲ.

ಹನ್ನೆರಡು ನಿಮಿಷ ಹೋಯಿತು.

“ಸರ್, ಈ ತಂತಿಗೆ ಗಂಟು ಹಾಕ್ಬಹುದಾ?” ಯಾಕಮ್ಮನ ದನಿ.

“ಗಂಟಾ? ಯಾಕೆ?”

“ಯಾಕೆ ಅಂತ ಹಾಕಿದ ಮೇಲೆ ಹೇಳ್ತೀನಿ.”

ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು. “ಹಾಕು. ವಾಪಸ್ ಕೊಡೋವಾಗ ಬಿಚ್ಚಿ ಕೊಡ್ಬೇಕು. ಇಲಾಖೆ ಸ್ವತ್ತು.”

ಅವಳು ಎರಡು ತಂತಿಗೆ ಒಂದೊಂದು ಗಂಟು ಹಾಕಿದಳು. ಸೆಲ್ಲು, ಸ್ವಿಚ್ಚು, ಬಜರು, ಮತ್ತೆ ಸೆಲ್ಲು. ಒತ್ತಿದಳು. ಗುಂಯ್ ಎಂದಿತು. ಬಿಟ್ಟಳು, ನಿಂತಿತು. ಅತ್ತೆಯ ಕೈಯಿಂದ ಸೆರಗು ಜಾರಿತು. ದೊಡ್ಡ ಮೇಡಂ ಉಸಿರು ಬಿಟ್ಟರು. ಅಧಿಕಾರಿ ಗುರುತು ಹಾಕಲು ಪೆನ್ನು ಎತ್ತಿದರು.

ಆಗ ಅವಳು ಎಲ್ಲವನ್ನೂ ಬಿಚ್ಚಿದಳು.

“ಏಯ್, ಕೂಗಿತಲ್ಲಮ್ಮಾ!”

“ಕೂಗಿತು ಸರ್. ಆದ್ರೆ ಗಂಟು ಹಾಕಿದ್ದಕ್ಕೆ ಕೂಗಿತೋ, ಸುಮ್ನೆ ಕೂಗಿತೋ ಗೊತ್ತಾಗ್ಬೇಕಲ್ಲ.”

ಗಂಟಿನ ತಂತಿಯೊಂದನ್ನು ಬರುವ ಕಡೆಗೆ ಹಾಕಿದಳು, ನುಣುಪಿನದನ್ನು ಹೋಗುವ ಕಡೆಗೆ. ಗುಂಯ್. ಬಿಚ್ಚಿ ಗಂಟೊಂದನ್ನು ಸಡಿಲಿಸಿ ತೆಗೆದು ಮತ್ತೆ ಹಾಕಿದಳು. ಗುಂಯ್. ಇನ್ನೊಂದು ಗಂಟನ್ನೂ ತೆಗೆದಳು. ಗುಂಯ್. ಕೈಕಟ್ಟಿ ಕೂತಳು. ಅವಳ ಮುಖದಲ್ಲಿ ಸಿಟ್ಟು ಮತ್ತು ಸಂತೋಷ ಒಂದನ್ನೊಂದು ತಳ್ಳಾಡುತ್ತಿದ್ದವು. ಕಿಟಕಿಯಾಚೆ ಯಾರೋ ಸೈಕಲ್ ನಿಲ್ಲಿಸಿದ ಸದ್ದಾಯಿತು.

“ಲೇ, ಹಗ್ಗ ಆಡಿದ್ವಲ್ಲ,” ಎಂದಳು ತಟ್ಟನೆ ಜೋರಾಗಿ, “ಅದರಲ್ಲಿ ಒಂದು ಗಂಟಿತ್ತಲ್ಲ, ಅದು ಯಾರ ಕೈಲಿತ್ತು?”

“ಮಾತಾಡಬಾರದು! ಉತ್ತರ ಹೇಳಿದ್ರೆ ನಿಂದೂ ರದ್ದು,” ಎಂದರು ಅಧಿಕಾರಿ.

“ನಾನು ಉತ್ತರ ಹೇಳ್ಲಿಲ್ಲ ಸರ್. ಪ್ರಶ್ನೆ ಕೇಳಿದೆ.”

ಅಧಿಕಾರಿ ಫೈಲು ತೆರೆದು ನಿಯಮದ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಪ್ರಶ್ನೆ ಕೇಳಬಾರದೆಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ ಎಂದು ತೋರುತ್ತದೆ. ಮುಚ್ಚಿದರು.

ಸಂಗೀತದ ಹುಡುಗನ ತುಟಿ ಅಲ್ಲಾಡುತ್ತಿತ್ತು. ಹಗ್ಗದ ಗಂಟು ಎಲ್ಲರ ಕೈಗೂ ಬಂದಿತ್ತು, ಎಲ್ಲರ ಕೈಯಿಂದಲೂ ಹೋಗಿತ್ತು. ಅವನು ಮೂರು ನುಣುಪು ತಂತಿಯಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಸೆಲ್ಲಿಗೆ ಹಚ್ಚಿದ. ಸ್ವಲ್ಪ ಹೊತ್ತಿಗೆ ಎರಡನೆಯ ಬಜರು ಮೊದಲನೆಯದಕ್ಕಿಂತ ಒಂದು ಎಳೆ ಕೆಳಗಿನ ಶ್ರುತಿಯಲ್ಲಿ ಕೂಗಿತು. “ಇಲಾಖೆ ಸೆಲ್ಲು ಹಳೇದು,” ಎಂದು ಅವನು ತನ್ನಷ್ಟಕ್ಕೆ ಗೊಣಗಿದ. ಮೂರನೆಯದು ಕೂಗಿತು. ನಾಲ್ಕನೆಯದು. ಕೊನೆಯ ಮೇಜಿನ ಪುಟ್ಟ ಹುಡುಗಿಯ ಸ್ಕ್ರೂ ಕೆಳಗೆ ಬಿದ್ದು ಉರುಳಿಹೋಗಿ, ಅವಳು ನೆಲದಲ್ಲಿ ಹುಡುಕುತ್ತಿರುವಾಗಲೇ ನಲವತ್ತು ನಿಮಿಷ ಮುಗಿಯಿತು. ಅಧಿಕಾರಿ ಕೆಳಗೆ ನೋಡಿದರು. ತಮ್ಮ ಷೂ ಸರಿಸಿ ಸ್ಕ್ರೂ ಎತ್ತಿ ಅವಳ ಅಂಗೈಗಿಟ್ಟು, “ನಾನೇ ತುಳಿದು ನಿಂತಿದ್ದೆ. ಐದು ನಿಮಿಷ ಜಾಸ್ತಿ ತಗೋ,” ಎಂದರು. ಅವಳಿಗೆ ಮೂರೇ ಸಾಕಾಯಿತು.

‘ಕೈಯಾರೆ ಜೋಡಿಸಿದರೇ?’ ಎಂಬ ಕಾಲಮ್ಮಿನಲ್ಲಿ ಐದು ಸಲ ಹೌದು ಎಂದು ಬರೆದು ಅಧಿಕಾರಿ ಸಹಿ ಹಾಕಿದರು. ಪ್ರಾಕ್ಟಿಕಲ್‌ಗೆ ಅನುಮತಿ ಸಿಕ್ಕಂತೆಯೇ ಎಂದು ದೊಡ್ಡ ಮೇಡಂಗೆ ಹೇಳಿದರು. ಹೊರಡುವಾಗ ಯಾಕಮ್ಮನ ಮೇಜಿನ ಬಳಿ ನಿಂತು, “ನೀನು ಅದಲು ಬದಲು ಮಾಡಿ ನೋಡಿದೆಯಲ್ಲ, ಅದಕ್ಕೆ ನಮ್ಮ ಫಾರಂನಲ್ಲಿ ಜಾಗ ಇಲ್ಲ,” ಎಂದರು. ಆದರೂ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಎರಡು ಸಾಲು ಬರೆದದ್ದನ್ನು ಅತ್ತೆ ನೋಡಿದರು.

ಪಡಸಾಲೆಯಲ್ಲಿ ಯಾಕಮ್ಮ ಅತ್ತೆಯ ಮೊಣಕೈ ಹಿಡಿದಳು. “ಅತ್ತೆ, ಗಂಟು ಯಾಕೆ ಹಾಕಿದ್ರಿ?”

“ಗುರುತಿಗೆ ಅಂತ ಹಾಕಿದೆ. ಎರಡು ತರಹದ ತಂತಿ ಇಲ್ಲ, ಇರೋದೆಲ್ಲ ಒಂದೇ ಅಂತ ಹೇಳೋಕೆ ಮರೆತೆ. ತಪ್ಪು ನಂದೇ.”

“ಮರೆತ್ರಾ? ಗೊತ್ತಿರ್ಲಿಲ್ವಾ?”

ಈ ಹುಡುಗಿಗೆ ಅರ್ಧ ಉತ್ತರ ಕೊಡಲಾಗದು. “ಕೈಗೆ ಗೊತ್ತಿತ್ತು. ನನ್ನನ್ನ ನಾನೇ ಕೇಳಿಕೊಂಡಿರ್ಲಿಲ್ಲ. ಹದಿನಾರು ವರ್ಷ ನಾನು ಬರೀ ಕೆಂಪು ತಂತಿ ಹಾಕ್ದೋಳು. ಹೋಗೋದು ನಂದು, ಬರೋದು ಪಕ್ಕದವಳದ್ದು.”

“ಪಕ್ಕದವಳು ಈಗೆಲ್ಲಿ?”

“ಗೊತ್ತಿಲ್ಲ.”

“ಅವಳೂ ಅಂದ್ಕೊಂಡಿರ್ತಾಳೆ, ತಾನು ಬರೀ ಬರೋದನ್ನೇ ಹಾಕಿದೆ ಅಂತ. ನೀವಿಬ್ರೂ ಒಂದೇ ಕೆಲಸ ಮಾಡ್ತಿದ್ರಿ ಅತ್ತೆ. ಒಂದೇ ಹಗ್ಗ.”

ಅತ್ತೆ ಹುಡುಗಿಯ ಅಂದೂ ಬಿಚ್ಚಿಹೋಗಿದ್ದ ಜಡೆಯನ್ನು ಹೆಣೆದು ಕಟ್ಟಿದರು. ಅವಳು ಕಟ್ಟಿಸಿಕೊಳ್ಳುತ್ತಲೇ ಮುಂದಿನದನ್ನು ಕೇಳಿದಳು.

“ಹಗ್ಗಾನ ನೀವು ಎಳೀತಿದ್ರಿ. ಸೆಲ್ಲಿನ ಒಳಗೆ ಯಾರು ಎಳೀತಾರೆ?”

“ನಾಳೆ ಹೇಳ್ತೀನಿ,” ಎಂದರು ಅತ್ತೆ.

ಅಂಗಡಿಗೆ ಬಂದಾಗ ನಾಲ್ಕೂವರೆ. ತಮ್ಮ ಯಂತ್ರ ನಿಲ್ಲಿಸಿ ಹಲ್ಲಿನಲ್ಲಿ ಕಚ್ಚಿದ್ದ ಗುಂಡುಸೂಜಿ ತೆಗೆದ. “ಏನಾಯ್ತಕ್ಕಾ? ಪಾಸೋ ಫೇಲೋ?”

“ಮಕ್ಕಳು ಪಾಸು.”

“ನೀನು?”

“ಫೇಲು.” ಅತ್ತೆ ಮೇಜಿನ ಮುಂದೆ ಕೂತು ಡಬ್ಬಿಯಲ್ಲಿದ್ದ ಕೆಂಪು ಗಂಟಿನ ತಂತಿಗಳನ್ನು ಒಂದೊಂದಾಗಿ ಎತ್ತಿ ಗಂಟು ಬಿಚ್ಚತೊಡಗಿದರು. ಒಂದು ತಿಂಗಳ ಬಿಗಿ. ಚಪ್ಪಟೆ ಹೆಬ್ಬೆರಳಿಗೆ ಸುಲಭವಾಗಿ ಸಿಗಲಿಲ್ಲ. “ಅವಳು ದೊಡ್ಡ ಓದು ಓದ್ತಾಳೆ ನೋಡ್ತಾ ಇರು.”

“ಮತ್ತೆ ನೀನ್ಯಾಕೆ ಮುಖ ಹೀಗೆ ಮಾಡ್ಕೊಂಡಿದ್ದೀಯ?”

“ನಿನ್ನ ಬೆಲ್ಟನ್ನ ತಿರುಗಿಸೋದು ಏನು?”

“ನನ್ನ ಕಾಲು. ಇನ್ನೇನು, ನಿನ್ನ ಕಾಲಾ?”

“ಸೆಲ್ಲಿಗೆ ಕಾಲೆಲ್ಲಿದೆ?”

ತಮ್ಮ ಅಕ್ಕನನ್ನು ನೋಡಿದ, ಮೇಜಿನ ಮೇಲಿದ್ದ ಸೆಲ್ಲನ್ನು ನೋಡಿದ. ಅದನ್ನೆತ್ತಿ ಬುಡವನ್ನು ತಿರುಗಿಸಿಯೂ ನೋಡಿದ. “ಇಲ್ಲ,” ಎಂದ ಗಂಭೀರವಾಗಿ.

“ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಮೂವತ್ತು ವರ್ಷ ಸೆಲ್ ಬದಲಾಯಿಸಿದೀನಿ. ಒಳಗೆ ಯಾರಿದ್ದಾರೆ ಅಂತ ಕೇಳ್ಲಿಲ್ಲ.” ಬಿಚ್ಚಿದ ತಂತಿಯನ್ನು ಬೆರಳಿಗೆ ಸುತ್ತಿ ಚೀಲಕ್ಕೆ ಹಾಕಿ, ತಲೆ ತಾಗದಂತೆ ಬಗ್ಗಿ ಎದ್ದರು, ಅವಸರಕ್ಕೆ ತಾಗಿಯೇ ತಾಗಿತು, ಕೋಟಿನ ಬಟ್ಟೆ ಕಾಪಾಡಿತು. “ಲೈಬ್ರರಿ ಐದೂವರೆಗೆ ಮುಚ್ಚತ್ತೆ.”

“ನೀನು? ಲೈಬ್ರರಿಗೆ?”

“ಅಲ್ಲಿ ಕೇಳಿದ್ರೆ ಯಾರಾದ್ರೂ ಹೇಳ್ತಾರೆ. ಹೇಳ್ದೆ ಇದ್ರೆ ಓದ್ತೀನಿ. ಏಳನೇ ಕ್ಲಾಸಿನ ತನಕ ಓದಿದ್ದು ಮರೆತೇನೂ ಹೋಗಿಲ್ಲ.” ಚಪ್ಪಲಿಗೆ ಕಾಲು ತೂರಿಸುತ್ತಾ ಹೇಳಿದರು, “ಎರಡನೇ ಮಹಡಿಯವರು ಬಂದ್ರೆ ಅವರ ಬೆಲ್ ಕೊಡ್ಬೇಡ. ಟಿಂಗ್ ಸರಿಯಾಗಿದೆ, ಟಾಂಗ್ ಇನ್ನೂ…” ಎನ್ನುತ್ತಲೇ ಬೀದಿಗಿಳಿದು ನಡೆದುಬಿಟ್ಟರು.